ಜೋನ್ 3 ಸೆಟ್ಟಿಂಗ್: ಫಾಲ್ಟ್ ಲೆಕ್ಕಕ್ಕೆ ಮೊದಲು ಲೋಡ್ ಲೆಕ್ಕ ಹಾಕಿ

ವಿದ್ಯುತ್ ಪ್ರಸರಣ ಲೈನಿನಲ್ಲಿ ಫಾಲ್ಟ್ (ಶಾರ್ಟ್ ಸರ್ಕ್ಯೂಟಿನಂಥ ದೋಷ) ಆದಾಗ ಅದರ ದೂರವನ್ನು ಅಂದಾಜಿಸಿ ಬ್ರೇಕರ್ ತೆರೆಸುವ, ಅಂದರೆ ಟ್ರಿಪ್ ಮಾಡುವ ಸಾಧನ ಡಿಸ್ಟನ್ಸ್ ರಿಲೇ. ಅದರ ಸೆಟ್ಟಿಂಗ್ ಕಡತ ಪರಿಶೀಲನೆಗೆಂದು ನನ್ನ ಮೇಜಿಗೆ ಬಂದರೆ ಜೋನ್ 1ರ ಪುಟವನ್ನು ನಾನು ಕೊನೆಗೆ ತೆರೆಯುತ್ತೇನೆ. ಲೈನಿನ ಶೇ. 80ರವರೆಗೆ ವ್ಯಾಪ್ತಿ, ತಡವಿಲ್ಲದೆ ಟ್ರಿಪ್. ಅಷ್ಟನ್ನು ಸಾಮಾನ್ಯವಾಗಿ ಎಲ್ಲರೂ ಸರಿಯಾಗಿಯೇ ಮಾಡಿರುತ್ತಾರೆ. ಆಚೆಯ ಲೈನಿನವರೆಗೂ ನೋಡಿ, ಅಲ್ಲಿಯ ಮುಖ್ಯ ರಕ್ಷಣೆ ತಪ್ಪಿದರೆ ತಡವಾಗಿ ಟ್ರಿಪ್ ಮಾಡುವ ಬ್ಯಾಕಪ್ ವ್ಯಾಪ್ತಿಯೇ ಜೋನ್ 3. ನಾನು ಮೊದಲು ಹುಡುಕುವುದು ಅದರ ಪುಟವನ್ನು, ಆ ಪುಟದ ಜೊತೆಗೆ ಲೋಡ್ ಲೆಕ್ಕ ಇದೆಯೇ ಎಂಬುದನ್ನು. ಇಲ್ಲದಿದ್ದರೆ ಮುಂದೆ ಓದುವುದಿಲ್ಲ, ಕಡತ ಮರಳಿ ಹೋಗುತ್ತದೆ. ಕಿರಿಯ ಎಂಜಿನಿಯರುಗಳಿಗೆ ಇದು ಕಿರಿಕಿರಿ. ಆಗಲಿ.

ಈ ಹಟಕ್ಕೆ ಕಾರಣವಿದೆ. ರಿಲೇಗೆ ಫಾಲ್ಟ್ ಕಾಣುವುದಿಲ್ಲ. ಅದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬಂದ ಇಂಪಿಡೆನ್ಸನ್ನು ಮಾತ್ರ ನೋಡುತ್ತದೆ. ದೂರದಲ್ಲಿ ಫಾಲ್ಟ್ ಆದಾಗ ಆ ಸಂಖ್ಯೆ ಇಳಿಯುತ್ತದೆ. ಲೈನಿನ ಮೇಲೆ ವಿಪರೀತ ಲೋಡ್ ಬಿದ್ದು ವೋಲ್ಟೇಜ್ ಕುಸಿದಾಗಲೂ ಇಳಿಯುತ್ತದೆ. ಗ್ರಿಡ್ ಸಂಕಟದಲ್ಲಿರುವ ಹೊತ್ತಿನಲ್ಲೇ, ಯಾವ ಲೈನ್ ಉಳಿಯಲೇಬೇಕೋ ಅದನ್ನೇ ರಿಲೇ ಕಡಿದುಹಾಕಬಹುದು. 1965ರ ನವೆಂಬರ್ 9ರಂದು ನಯಾಗರಾ ಬಳಿಯ ಬೆಕ್ ವಿದ್ಯುದಾಗಾರದಿಂದ ಹೊರಟ 230 ಕೆ.ವಿ. ಲೈನೊಂದು ಹೀಗೆಯೇ ಟ್ರಿಪ್ ಆಯಿತು. ಬ್ಯಾಕಪ್ ರಿಲೇಯ ಸೆಟ್ಟಿಂಗ್ ಹಳೆಯದಾಗಿಯೇ ಉಳಿದಿತ್ತು, ಲೋಡ್ ಮಾತ್ರ ಬೆಳೆದಿತ್ತು. 2003ರ ಆಗಸ್ಟ್ 14ರಂದು ಓಹಿಯೊದ ಸ್ಯಾಮಿಸ್–ಸ್ಟಾರ್ 345 ಕೆ.ವಿ. ಲೈನನ್ನು ಯಾವ ಫಾಲ್ಟೂ ಇಲ್ಲದೆ ಜೋನ್ 3 ತೆರೆಯಿತು. ಅಲ್ಲಿಂದ ಮುಂದೆ ಸುಮಾರು 5 ಕೋಟಿ ಜನ ಕತ್ತಲಿಗೆ ಬಿದ್ದರು. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆ.ವಿ. ಲೈನಿನದೂ ಅದೇ ಕಥೆ.

ಉತ್ತರ ಅಮೆರಿಕದ ನಿಯಂತ್ರಕರು ಇದರಿಂದ ಕಲಿತು ರೂಪಿಸಿದ ಪಿಆರ್‌ಸಿ-023 ಎಂಬ ಮಾನದಂಡದ ಮುಖ್ಯ ಅಳತೆಗೋಲನ್ನು ಎಲ್ಲಿಯ ಗ್ರಿಡ್‌ಗಾದರೂ ಬಳಸಬಹುದು. ವೋಲ್ಟೇಜ್ ಶೇ. 85ಕ್ಕೆ ಇಳಿದಿದೆ, ಕರೆಂಟ್ ವೋಲ್ಟೇಜಿಗಿಂತ 30 ಡಿಗ್ರಿ ಹಿಂದಿದೆ, ಲೈನಿನ ಮೇಲೆ ಅದರ ನಾಲ್ಕು ಗಂಟೆಗಳ ಗರಿಷ್ಠ ರೇಟಿಂಗಿನ ಒಂದೂವರೆ ಪಟ್ಟು ಕರೆಂಟ್ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ಆಗಲೂ ರಿಲೇ ಟ್ರಿಪ್ ಮಾಡಬಾರದು. ರೇಟಿಂಗ್ ಋತುವಿಗೆ ತಕ್ಕಂತೆ ಬದಲಾಗುತ್ತದೆ. ತಣ್ಣನೆಯ ಕಾಲದ ದೊಡ್ಡ ಸಂಖ್ಯೆಯನ್ನೇ ತೆಗೆದುಕೊಳ್ಳಿ.

ಈಗ ಲೆಕ್ಕಕ್ಕೆ ಬನ್ನಿ. ನಿಮ್ಮದು 250 ಕಿ.ಮೀ. ಉದ್ದದ 400 ಕೆ.ವಿ. ಲೈನ್, ಅದರಾಚೆಯ ಅತಿ ಉದ್ದದ ಲೈನ್ 350 ಕಿ.ಮೀ. ಕಿಲೋಮೀಟರಿಗೆ ಸುಮಾರು ಮೂರನೇ ಒಂದು ಓಮ್ ಎಂದರೆ ಒಟ್ಟು 200 ಓಮ್. ವಾಡಿಕೆಯಂತೆ ಶೇ. 20 ಸೇರಿಸಿದರೆ ಜೋನ್ 3ರ ವ್ಯಾಪ್ತಿ 240 ಓಮ್, ಲೈನಿನ ಇಂಪಿಡೆನ್ಸ್ ಕೋನ 85 ಡಿಗ್ರಿ. ಬಹಳಷ್ಟು ಕಡತಗಳು ಇಲ್ಲಿಗೇ ನಿಲ್ಲುತ್ತವೆ. ನೀವು ನಿಲ್ಲಬೇಡಿ. ಲೈನಿನ ರೇಟಿಂಗ್ 1000 ಆಂಪಿಯರ್ ಆಗಿದ್ದರೆ ಪರೀಕ್ಷೆಯ ಕರೆಂಟ್ 1500 ಆಂಪಿಯರ್, ವೋಲ್ಟೇಜ್ 340 ಕೆ.ವಿ. 340 ಕೆ.ವಿ.ಯನ್ನು 1.732ರಿಂದಲೂ 1500ರಿಂದಲೂ ಭಾಗಿಸಿದರೆ ಲೋಡ್ ಇಂಪಿಡೆನ್ಸ್ 131 ಓಮ್ ಸಿಗುತ್ತದೆ. ಮೋ ವೃತ್ತ (ಇಂಪಿಡೆನ್ಸ್ ಯಾವುದರೊಳಗೆ ಬಿದ್ದರೆ ರಿಲೇ ಟ್ರಿಪ್ ಮಾಡುತ್ತದೋ ಆ ಗಡಿ) 30 ಡಿಗ್ರಿಯಲ್ಲಿ ಎಲ್ಲಿಯವರೆಗೆ ಚಾಚುತ್ತದೆ? 85ರಿಂದ 30 ಕಳೆದರೆ 55. 240ನ್ನು 55 ಡಿಗ್ರಿಯ ಕೊಸೈನಿನಿಂದ ಗುಣಿಸಿದರೆ 138 ಓಮ್. ಲೋಡ್ ಬಿಂದು ವೃತ್ತದ ಒಳಗೇ ಬಿತ್ತು. ಈ ಸೆಟ್ಟಿಂಗನ್ನು ರಿಲೇಗೆ ಹಾಕುವಂತಿಲ್ಲ.

ಇಂಥ ಹೊತ್ತಿನಲ್ಲಿ ಜೋನ್ 3ರ ಸಮಯವನ್ನು ಒಂದು ಸೆಕೆಂಡಿನಿಂದ ಒಂದೂವರೆಗೆ ಏರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಪವರ್ ಸ್ವಿಂಗ್ (ಗ್ರಿಡ್‌ನಲ್ಲಿ ವಿದ್ಯುತ್ ಹರಿವಿನ ತೂಗಾಟ) ಬಂದು ಹೋಗುವಂಥದ್ದು, ಅಲ್ಲಿ ಸಮಯ ಸ್ವಲ್ಪ ನೆರವಾಗಬಹುದು. ಲೋಡ್ ಹೋಗುವುದಿಲ್ಲ, ಅಲ್ಲೇ ಕುಳಿತಿರುತ್ತದೆ. ನೀವು ಕೊಟ್ಟದ್ದು ಅರ್ಧ ಸೆಕೆಂಡಿನ ಸಾಂತ್ವನ ಮಾತ್ರ.

ನಿಜವಾದ ದಾರಿಗಳು ಎರಡು. ಮೊದಲನೆಯದು ವ್ಯಾಪ್ತಿಯನ್ನೇ ಕಡಿಮೆ ಮಾಡುವುದು. ನಮ್ಮ ಉದಾಹರಣೆಯಲ್ಲಿ 228 ಓಮ್ ಮೀರುವಂತಿಲ್ಲ, ಒಂದಷ್ಟು ಅಂತರವನ್ನೂ ಬಿಡಬೇಕು. ಹಾಗೆ ಮಾಡಿದರೆ ಆಚೆಯ ಲೈನಿನ ತುದಿಗೆ ದೂರದ ಬ್ಯಾಕಪ್ ದುರ್ಬಲವಾಗುತ್ತದೆ. ಆಚೆಯ ಸಬ್‌ಸ್ಟೇಷನ್ನಿನಲ್ಲಿ ಎರಡು ಮುಖ್ಯ ರಿಲೇಗಳು ಮತ್ತು ಬ್ರೇಕರ್ ವೈಫಲ್ಯದ ರಕ್ಷಣೆ ಕೆಲಸ ಮಾಡುತ್ತಿವೆ ಎಂದು ಖಚಿತಪಡಿಸಿಕೊಂಡೇ ಇದಕ್ಕೆ ಒಪ್ಪಿ. ಎರಡನೆಯದು ಲೋಡ್ ಬ್ಲೈಂಡರ್: ವೃತ್ತವನ್ನು ಹಾಗೇ ಉಳಿಸಿ, ಲೋಡ್ ಬೀಳುವ ಬೆಣೆಯಾಕಾರದ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯುವುದು. ಗಡಿಯನ್ನು 131ರ ಶೇ. 80, ಅಂದರೆ 105 ಓಮಿಗೂ, ಕೋನವನ್ನು 35 ಡಿಗ್ರಿಗೂ ಇಡುವುದು ನನ್ನ ರೂಢಿ. ಕೋನವನ್ನು ಉದಾರವಾಗಿ ಹಿಗ್ಗಿಸಬೇಡಿ, ಆರ್ಕ್ ಇರುವ ಫಾಲ್ಟೂ ಅದೇ ಬೆಣೆಯೊಳಗೆ ಅಡಗಿಬಿಡಬಹುದು. ಆಧುನಿಕ ರಿಲೇ ಇದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಲೈನಿನ ಮೇಲಿನ (ಪ್ರೈಮರಿ) ಸಂಖ್ಯೆ ರಿಲೇಗೆ ಹೋಗುವ ಮೊದಲು ಸೆಕೆಂಡರಿ ಓಮಿಗೆ, ಅಂದರೆ ಟ್ರಾನ್ಸ್‌ಫಾರ್ಮರುಗಳ ಮೂಲಕ ರಿಲೇಗೆ ಕಾಣುವ ಓಮಿಗೆ ಬದಲಾಗಬೇಕು. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತವನ್ನು ಪಿಟಿ (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) ಅನುಪಾತದಿಂದ ಭಾಗಿಸಿ, ಬಂದ ಗುಣಕದಿಂದ ಪ್ರೈಮರಿ ಓಮನ್ನು ಗುಣಿಸಿ. ಸಿಟಿ 1000/1, ಪಿಟಿ 400 ಕೆ.ವಿ./110 ವೋಲ್ಟ್ ಆದರೆ ಗುಣಕ 0.275, ಪ್ರೈಮರಿಯ 240 ಓಮ್ ಇಲ್ಲಿ 66 ಆಗುತ್ತದೆ. ಸಿಟಿಯನ್ನು ಬದಲಿಸಿ 2000/1 ಹಾಕಿ ಸೆಟ್ಟಿಂಗನ್ನು ಮುಟ್ಟದೆ ಬಿಟ್ಟರೆ ಅದೇ 66 ಓಮ್ ಪ್ರೈಮರಿಯಲ್ಲಿ 120ಕ್ಕೆ ಇಳಿಯುತ್ತದೆ, ವ್ಯಾಪ್ತಿ ಅರ್ಧ. ಆದ್ದರಿಂದ ಸಿಟಿ ಅನುಪಾತವನ್ನು ನಕ್ಷೆಯಿಂದ ನಕಲು ಮಾಡಬೇಡಿ. ಯಾರ್ಡಿನಲ್ಲಿ ಯಾವ ಟ್ಯಾಪಿಗೆ ತಂತಿ ಜೋಡಿಸಿದ್ದಾರೆಂದು ಕಣ್ಣಾರೆ ನೋಡಿ ಬರೆಯಿರಿ.

ಸೆಟ್ಟಿಂಗ್ ಹಾಕಿದ ಮೇಲೆ ಪರೀಕ್ಷೆ. ಹೆಚ್ಚಿನವರು ಟ್ರಿಪ್ ಆಗುತ್ತದೆಯೇ ಎಂದು ನೋಡಿ ತೃಪ್ತರಾಗುತ್ತಾರೆ. ಟ್ರಿಪ್ ಆಗದಿರುವುದನ್ನೂ ಪರೀಕ್ಷಿಸಬೇಕು. ಮೇಲಿನ ಲೋಡ್ ಬಿಂದುವನ್ನೇ 1000/1 ಸಿಟಿಯ ಸೆಕೆಂಡರಿ ಸಂಖ್ಯೆಗಳಲ್ಲಿ ಕೊಡಿ: ಮೂರೂ ಫೇಸಿಗೆ 54 ವೋಲ್ಟ್, 1.5 ಆಂಪಿಯರ್, 30 ಡಿಗ್ರಿ ಹಿಂದೆ. ಜೋನ್ 3ರ ಸಮಯಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿದಿಡಿ, ಹತ್ತು ಸೆಕೆಂಡಾದರೂ ಸರಿ. ರಿಲೇ ಟ್ರಿಪ್ ಮಾಡುವುದಿರಲಿ, ಪಿಕಪ್ (ಟ್ರಿಪ್‌ಗೆ ಮೊದಲು ಜೋನ್ ಎಚ್ಚೆತ್ತ ಸೂಚನೆ) ಕೂಡ ತೋರಿಸಬಾರದು. ನಂತರ ರಿಲೇಯಿಂದಲೇ ಕಡತವನ್ನು ಇಳಿಸಿಕೊಂಡು ಅನುಮೋದಿತ ಹಾಳೆಯೊಂದಿಗೆ ಸಾಲುಸಾಲಾಗಿ ಹೋಲಿಸಿ. ಸಕ್ರಿಯವಾಗಿರುವ ಸೆಟ್ಟಿಂಗ್ ಗುಂಪು ಯಾವುದು ಎಂಬುದನ್ನೂ ನೋಡಿ. ಗುಂಪು 1ರಲ್ಲಿ ಅಚ್ಚುಕಟ್ಟಾದ ಸೆಟ್ಟಿಂಗ್ ಇದ್ದು ರಿಲೇ ಗುಂಪು 2ರಲ್ಲಿ ನಡೆಯುತ್ತಿದ್ದರೆ ಪ್ರಯೋಜನವೇನು? ಲೆಕ್ಕ ಹಾಕಿದವರೂ ಪರಿಶೀಲಿಸಿದವರೂ ಬೇರೆಬೇರೆ ಆಗಿರಬೇಕು ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಮರುಲೆಕ್ಕ ಯಾವಾಗ? ವರ್ಷಕ್ಕೊಮ್ಮೆ ಎಂಬ ನಿಯಮಕ್ಕಿಂತ ನೆಟ್‌ವರ್ಕ್ ಬದಲಾದಾಗಲೆಲ್ಲ ಎಂಬುದು ಮುಖ್ಯ. ಹೊಸ ಉತ್ಪಾದನಾ ಘಟಕ ಸೇರಿದಾಗ, ವಾಹಕ ಬದಲಾಗಿ ರೇಟಿಂಗ್ ಏರಿದಾಗ, ಸರಣಿ ಕೆಪಾಸಿಟರ್ ಕೂಡಿಸಿದಾಗ. ಎಲ್ಲಕ್ಕಿಂತ ಅಪಾಯದ್ದು ಇರುವ ಲೈನನ್ನು ಮಧ್ಯದಲ್ಲಿ ಕಡಿದು ಹೊಸ ಸಬ್‌ಸ್ಟೇಷನ್ನಿಗೆ ಎಳೆಯುವುದು. ಮೇಲಿನ 250 ಕಿ.ಮೀ. ಲೈನನ್ನು ನೂರನೇ ಕಿಲೋಮೀಟರಿನಲ್ಲಿ ಕಡಿದರೆ, ಹಳೆಯ ಜೋನ್ 1 ಇನ್ನೂ 200 ಕಿ.ಮೀ.ವರೆಗೆ ನೋಡುತ್ತಿರುತ್ತದೆ, ಆಚೆಯ ಲೈನಿನ ಫಾಲ್ಟಿಗೆ ಈಚೆಯ ಬ್ರೇಕರ್ ತಡವಿಲ್ಲದೆ ತೆರೆದುಕೊಳ್ಳುತ್ತದೆ. ನಿಮ್ಮ ಜೋನ್ 3 ನೆರೆಯವರ ಲೈನಿನ ಉದ್ದವನ್ನು ಅವಲಂಬಿಸಿದೆ, ಅವರದು ನಿಮ್ಮದನ್ನು. ಹೀಗಾಗಿ ಬದಲಾವಣೆಯ ಪತ್ರ ಎರಡೂ ಕಡೆ ಹೋಗಬೇಕು, ಲೈನ್ ಚಾರ್ಜ್ ಆಗುವ ಮೊದಲೇ.

ಟ್ರಿಪ್ ಆದ ದಿನ ಡಿಸ್ಟರ್ಬೆನ್ಸ್ ರೆಕಾರ್ಡನ್ನು ತೆಗೆದು ಅಲೆಗಳನ್ನು ನೋಡಿ. ಫಾಲ್ಟ್ ಆಗಿದ್ದರೆ ಕರೆಂಟ್ ಒಂದೇ ಸಲ ನೆಗೆದಿರುತ್ತದೆ. ಮೂರೂ ಫೇಸ್ ಸಮವಾಗಿದ್ದು, ನೆಗೆತವಿಲ್ಲದೆ ವೋಲ್ಟೇಜ್ ಮೆಲ್ಲಗೆ ಜಾರಿ, ಇಂಪಿಡೆನ್ಸ್ ಬಲಗಡೆಯಿಂದ ವೃತ್ತದೊಳಗೆ ತೆವಳಿದ್ದರೆ ಅದು ಲೋಡ್. ಅಂಥ ರೆಕಾರ್ಡ್ ಸಿಕ್ಕಿದರೆ ಆ ಲೈನಿನ ಹಾಳೆಯನ್ನಷ್ಟೇ ತಿದ್ದಿ ಸುಮ್ಮನಾಗಬೇಡಿ. ಅದೇ ಸೂತ್ರದಿಂದ ಲೆಕ್ಕ ಹಾಕಿದ ಉಳಿದ ಎಲ್ಲ ಲೈನುಗಳ ಕಡತಗಳನ್ನೂ ಅದೇ ವಾರ ಹೊರತೆಗೆಯಿರಿ.