ಅಡ್ಮಿಷನ್ ಮಾರ್ಕ್ಸ್ ನೋಡಿ ಮುಂದಿನ ರಿಸಲ್ಟ್ ಅಂದಾಜು ಮಾಡೋದು ಹೆಂಗೆ

ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿ ಡಿಒ, ಅಂದ್ರೆ ಆಸ್ಟಿಯೋಪಥಿಕ್ ಮೆಡಿಸಿನ್ ಡಾಕ್ಟರ್ ಡಿಗ್ರಿ, ಓದ್ತಿದಾಳೆ. ಆಸ್ಟಿಯೋಪಥಿ ಅಂದ ಕೂಡ್ಲೆ ಇಲ್ಲಿ ಜನ ಮೂಳೆ ತಿಕ್ಕೋರು ಅನ್ಕೋತಾರೆ, ಹಂಗಲ್ಲ, ಅಲ್ಲಿ ಎಂಡಿ ಥರಾನೇ ಪೂರ್ತಿ ಲೈಸೆನ್ಸ್ ಇರೋ ಡಾಕ್ಟರು. ಅವಳ ಪ್ರಾಜೆಕ್ಟು ಏನಪ್ಪ ಅಂದ್ರೆ ಎಂಕ್ಯಾಟ್ (ಅಲ್ಲಿನ ಮೆಡಿಕಲ್ ಎಂಟ್ರೆನ್ಸ್) ಸ್ಕೋರು, ಜಿಪಿಎ (ಹಿಂದಿನ ಡಿಗ್ರಿ ಮಾರ್ಕ್ಸಿನ ಸರಾಸರಿ) ಇಟ್ಕೊಂಡು ಕಾಮ್ಲೆಕ್ಸ್ ಅನ್ನೋ ಡಿಒ ಲೈಸೆನ್ಸ್ ಪರೀಕ್ಷೇಲಿ ಯಾರು ಹೆಂಗೆ ಮಾಡ್ತಾರೆ ಅಂತ ಮೊದ್ಲೇ ಹೇಳೋಕಾಗುತ್ತಾ ಅನ್ನೋದು. ದಾವಣಗೆರೇಲಿ ಕೂತು ನಾನು ಎಕ್ಸೆಲ್‌ನಲ್ಲಿ ಕೈಜೋಡಿಸ್ದೆ. ಇಲ್ಲಿ ನೀಟ್ ಮಾರ್ಕ್ಸ್ ಇಟ್ಕೊಂಡು ಇದೇ ಮಾಡೋಕೆ ಹೊರಟೋರಿಗೂ ದಾರಿ ಇದೇನೇ.

ಮೊದ್ಲು ಯಾವ ದಿನ ನಿಂತು ಅಂದಾಜು ಮಾಡ್ತೀರ ಅಂತ ಡಿಸೈಡ್ ಮಾಡ್ರಿ. ಅಡ್ಮಿಷನ್ ದಿನ ಅಂದ್ರೆ ಎಂಕ್ಯಾಟ್, ಜಿಪಿಎ ಅಷ್ಟೇ ಕೈಯಲ್ಲಿರೋದು. ಎರಡನೇ ವರ್ಷದ ಕೊನೆ ಅಂದ್ರೆ ಕಾಲೇಜಿನ ಮಾರ್ಕ್ಸೂ ಸೇರುತ್ತೆ, ಕಾಮ್ಲೆಕ್ಸಿನ ಮೊದಲ ಹಂತವಾದ ಲೆವೆಲ್ 1ಕ್ಕೆ ಸಾಮಾನ್ಯವಾಗಿ ಎಂಕ್ಯಾಟ್‌ಗಿಂತ ಅದೇ ಗಟ್ಟಿ ಸುಳಿವು. ಎರಡನ್ನೂ ಕಲಸಿದ್ರೆ ಲೆಕ್ಕ ಕೆಟ್ಟೋಗುತ್ತೆ.

ಆಮೇಲೆ ಶೀಟ್ ಕ್ಲೀನ್ ಮಾಡ್ರಿ, ಒಬ್ಬರಿಗೆ ಒಂದೇ ಸಾಲು, ಮೊದಲ ಅಟೆಂಪ್ಟ್ ಸ್ಕೋರು ಮಾತ್ರ. ನಾನು ಫೇಲಾಗಿ ಮತ್ತೆ ಬರೆದೋರ ಎರಡನೇ ಸ್ಕೋರು ಸೇರಿಸ್ಬಿಟ್ಟು ಒಂದು ಭಾನುವಾರ ಪೂರ್ತಿ ಹಾಳು ಮಾಡ್ಕೊಂಡೆ. ಎಂಕ್ಯಾಟ್ 2015ರಲ್ಲಿ ಬದಲಾಗಿದೆ, ಈಗ 472ರಿಂದ 528, ಹಳೇ ಸ್ಕೇಲ್ ಜೊತೆ ಬೆರೆಸಬಾರದು. ನಮ್ ನೀಟ್‌ನಲ್ಲೂ ಅಷ್ಟೇ, 720ಕ್ಕೆ 600 ಅನ್ನೋದು ಎಲ್ಲಾ ವರ್ಷ ಒಂದೇ ಅಲ್ಲ, ಪರ್ಸೆಂಟೈಲ್, ಅಂದ್ರೆ ನೂರಕ್ಕೆ ಎಷ್ಟು ಜನರಿಗಿಂತ ಮುಂದಿದಾರೆ ಅನ್ನೋದನ್ನ, ತಗೊಳ್ರಿ. ಇನ್ನೊಂದು, ಕಾಮ್ಲೆಕ್ಸ್ ಲೆವೆಲ್ 1 ಮೇ 2022ರಿಂದ ಬರೀ ಪಾಸ್ ಫೇಲ್, ಹಂಗಾಗಿ ಹೊಸ ಬ್ಯಾಚಿಗೆ ನಂಬರ್ ಬೇಕು ಅಂದ್ರೆ ಲೆವೆಲ್ 2 ತನಕ ಕಾಯ್ಬೇಕು, ಅದ್ರಲ್ಲಿ ಪಾಸಾಗೋಕೆ 400.

ಈಗ ಎಕ್ಸೆಲ್‌ನಲ್ಲಿ ಕೋರೆಲ್ (CORREL) ಫಾರ್ಮುಲಾ ಹಾಕ್ರಿ, ಎಂಕ್ಯಾಟ್‌ಗೂ ಕಾಮ್ಲೆಕ್ಸ್ ಸ್ಕೋರಿಗೂ ಎಷ್ಟು ಸಂಬಂಧ ಅಂತ ಹೇಳುತ್ತೆ, 0 ಅಂದ್ರೆ ನೇರ ಸಂಬಂಧ ಇಲ್ಲ, 1 ಅಂದ್ರೆ ಪೂರ್ತಿ. 0.4 ಬಂತು ಅನ್ಕೊಳ್ರಿ, ಅದನ್ನ ಅದರಿಂದಲೇ ಗುಣಿಸಿದ್ರೆ 0.16, ಅಂದ್ರೆ ಸ್ಕೋರುಗಳ ಏರುಪೇರಲ್ಲಿ 16 ಪರ್ಸೆಂಟ್ ಮಾತ್ರ ಎಂಕ್ಯಾಟ್ ಲೆಕ್ಕಕ್ಕೆ ಸಿಗ್ತು, ಮಿಕ್ಕ 84 ಬೇರೆ ಕಡೆ ಐತೆ. ಇಷ್ಟೇನಾ ಅಂತ ಬೇಜಾರಾಗ್ಬೇಡ್ರಿ, ಯಾಕಂದ್ರೆ ಇಲ್ಲೇ ಎಲ್ಲರೂ ಎಡವೋದು.

ಚಿತ್ರದುರ್ಗದ ಕೋಟೆ ಮೇಲೆ ನಿಂತು, ಹತ್ತಿ ಬಂದೋರ ಮೊಣಕಾಲು ಮಾತ್ರ ಪರೀಕ್ಷೆ ಮಾಡಿ, ಮೊಣಕಾಲಿಗೂ ಹತ್ತೋದಕ್ಕೂ ಏನೂ ಸಂಬಂಧ ಇಲ್ಲ ಅಂದ್ರೆ ಹೆಂಗಿರುತ್ತೆ? ನೋವಿರೋರೆಲ್ಲ ಕೆಳಗೇ ಬಾಗಿಲತ್ರ ಕೂತಿದಾರಲ್ಲಪ್ಪ. ಎಂಕ್ಯಾಟೂ ಹಂಗೇ, ಕಮ್ಮಿ ಸ್ಕೋರಿನವರಿಗೆ ಸೀಟೇ ಸಿಕ್ಕಿಲ್ಲ, ಒಳಗಿರೋರೆಲ್ಲ ಹೆಚ್ಚುಕಮ್ಮಿ ಒಂದೇ ಮಟ್ಟ, ಅದಕ್ಕೇ ಸಂಬಂಧ ಸಣ್ಣದಾಗಿ ಕಾಣುತ್ತೆ. ನಮ್ ಕಡೆ ಪ್ರೈವೇಟ್ ಕಾಲೇಜಲ್ಲಿ ಸರ್ಕಾರಿ ಕೋಟಾ, ಮ್ಯಾನೇಜ್‌ಮೆಂಟ್ ಸೀಟು ಎಲ್ಲಾ ಒಂದೇ ಕ್ಲಾಸಲ್ಲಿ ಕೂತಿರೋದ್ರಿಂದ ನೀಟ್ ಮಾರ್ಕ್ಸಿನ ಹರವು ಜಾಸ್ತಿ, ಸಂಬಂಧಾನೂ ಸ್ವಲ್ಪ ಚೆನ್ನಾಗಿ ಕಾಣಬಹುದು.

ಯಾರು ಫೇಲಾಗ್ತಾರೆ ಅಂತ ಹೇಳೋಕೆ ಲಾಜಿಸ್ಟಿಕ್ ರಿಗ್ರೆಷನ್ ಬೇಕು, ಅಂದ್ರೆ ಒಬ್ಬೊಬ್ಬರೂ ಫೇಲಾಗೋ ಸಾಧ್ಯತೆ ಎಷ್ಟು ಅಂತ ಕೊಡೋ ಲೆಕ್ಕ. ಅದ್ರ ಅಕ್ಯುರಸಿ ನೋಡಿ ಹಿಗ್ಗಬೇಡ್ರಿ. 150 ಜನದಲ್ಲಿ 12 ಜನ ಫೇಲ್ ಅನ್ಕೊಳ್ರಿ, ಕಣ್ಣು ಮುಚ್ಕೊಂಡು ಎಲ್ಲರೂ ಪಾಸು ಅಂದ್ರೂ 92 ಪರ್ಸೆಂಟ್ ಸರಿ! ಆ 12ರಲ್ಲಿ ಎಷ್ಟು ಜನರನ್ನ ಹಿಡೀತು, ಅದಕ್ಕೋಸ್ಕರ ಪಾಸಾಗೋ ಎಷ್ಟು ಮಕ್ಕಳಿಗೆ ಸುಮ್ನೆ ಹೆದರಿಸ್ತು, ಅದನ್ನ ಎಣಿಸ್ರಿ. ವಾರ್ಡಲ್ಲಿ ಪೇಷಂಟ್ ಹತ್ರ ಹೆಂಗೆ ಮಾತಾಡ್ತಾರೆ ಅನ್ನೋದನ್ನ ಇದ್ರಿಂದ ಹೇಳೋಕೆ ಹೋಗ್ಲೇಬೇಡ್ರಿ.

ಕೊನೇದಾಗಿ, ಹಳೇ ಬ್ಯಾಚಲ್ಲಿ ಕಟ್ಟಿದ ಫಾರ್ಮುಲಾನ ಅದೇ ಬ್ಯಾಚ್ ಮೇಲೆ ಚೆಕ್ ಮಾಡ್ಬೇಡ್ರಿ, ಅದು ಗೈಡ್ ತೆರೆದಿಟ್ಕೊಂಡು ಪರೀಕ್ಷೆ ಬರೆದಂಗೆ. ಒಂದು ಬ್ಯಾಚ್ ಮೊದ್ಲೇ ಪಕ್ಕಕ್ಕೆ ಎತ್ತಿಟ್ಟಿರಿ, ಎಲ್ಲಾ ಮುಗಿದ ಮೇಲೆ ಅದ್ರ ಮೇಲೆ ಓಡಿಸ್ರಿ, ಬಂದ ನಂಬರ್ ಎಷ್ಟೇ ಕಮ್ಮಿ ಇದ್ರೂ ರಿಪೋರ್ಟಲ್ಲಿ ಅದನ್ನೇ ಹಾಕ್ರಿ.