ಸರಾಸರಿ ಕುಸಿದ ವರ್ಷ ನಾನು ಮಾಡಿದ ಪಟ್ಟಿ

ಆ ವರ್ಷ ನಾಲ್ಕನೇ ತರಗತಿಯ ಗಣಿತದ ಸರಾಸರಿ ಎರಡೂವರೆ ಅಂಕ ಕುಸಿಯಿತು. ಸಭೆಯಲ್ಲಿ ಎಲ್ಲರ ಕಣ್ಣೂ ಆ ತರಗತಿಯ ಟೀಚರ್ ಮೇಲೆ. ಅವರು ತಲೆ ತಗ್ಗಿಸಿ ಕೂತಿದ್ದರು. ನಾನು ಆಗಷ್ಟೇ ಮುಖ್ಯ ಶಿಕ್ಷಕಿಯಾಗಿದ್ದೆ, ಏನಾದರೂ ಹೇಳಬೇಕಲ್ಲ ಅಂತ "ಮುಂದಿನ ವರ್ಷ ಇನ್ನೂ ಸ್ವಲ್ಪ ಗಮನ ಕೊಡಿ" ಅಂದುಬಿಟ್ಟೆ. ಅದೆಂಥ ತಪ್ಪು ಮಾತು ಅಂತ ಗೊತ್ತಾಗೋಕೆ ಎರಡು ಭಾನುವಾರ ಹಿಡಿಯಿತು.

ಆ ಎರಡು ಭಾನುವಾರ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಎರಡು ವರ್ಷದ ಅಂಕಪಟ್ಟಿ ಹರಡಿಕೊಂಡು ಕೂತೆ. ಒಂದು ಮಗುವಿಗೆ ಒಂದು ಸಾಲು. ಹುಟ್ಟಿದ ತಿಂಗಳು, ಮನೆಮಾತು, ನಮ್ಮ ಶಾಲೆಗೆ ಯಾವಾಗ ಸೇರಿತು, ಎಷ್ಟು ದಿನ ಬಂದಿಲ್ಲ, ಹೋದ ವರ್ಷದ ಅಂಕ, ಈ ವರ್ಷದ ಅಂಕ. ಇಷ್ಟೇ. ಅಪ್ಪ ಅಮ್ಮನ ಓದು, ಆದಾಯ ಕೂಡ ಬರೆಯೋಣ ಅಂದುಕೊಂಡಿದ್ದೆ, ಬಿಟ್ಟೆ. ಅವು ಮುಖ್ಯವಲ್ಲ ಅಂತಲ್ಲ. 1966ರಲ್ಲೇ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ ತಂಡ ಆರು ಲಕ್ಷದಷ್ಟು ಮಕ್ಕಳ ಮಾಹಿತಿ ಸೇರಿಸಿ ವರದಿ ಕೊಟ್ಟಿತ್ತು. ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸದಲ್ಲಿ ಶಾಲೆಯ ಕಟ್ಟಡ, ಖರ್ಚುಗಳಿಗಿಂತ ಮನೆಯ ಹಿನ್ನೆಲೆಯ ಪಾಲೇ ಜಾಸ್ತಿ ಅಂತ ಅದರಲ್ಲಿ ಕಂಡಿತ್ತು. ಅದನ್ನು ಕೇಳಿದ ಕೆಲವರು "ಹಾಗಾದ್ರೆ ನಮ್ಮ ಕೈಲಿ ಏನಿದೆ" ಅಂತ ಕೈ ಚೆಲ್ಲುತ್ತಾರೆ. ನಾನು ಕಾಲಂ ಆರಿಸಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಇದು ಗೊತ್ತಾದರೆ ಸೋಮವಾರ ನಾನು ಬೇರೆ ಏನಾದರೂ ಮಾಡಬಲ್ಲೆನಾ? ಅಪ್ಪನ ಆದಾಯ ಗೊತ್ತಾದರೆ ಸೋಮವಾರ ನಾನು ಮಾಡುವುದು ಏನೂ ಬದಲಾಗಲ್ಲ. ಮಗು ಯಾವಾಗ ಸೇರಿತು ಅಂತ ಗೊತ್ತಾದರೆ ಬದಲಾಗುತ್ತದೆ.

ಮೊದಲ ಏಟು ಬಿದ್ದಿದ್ದು ಅಲ್ಲೇ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿ ಹೇಳುತ್ತೇನೆ. ಹೋದ ವರ್ಷ ನಾಲ್ಕನೇ ತರಗತಿಯಲ್ಲಿ 40 ಮಕ್ಕಳು. ಒಂದನೇ ತರಗತಿಯಿಂದ ನಮ್ಮಲ್ಲೇ ಓದಿದವರು 30, ಅವರ ಸರಾಸರಿ 70. ನಡುವೆ ಬಂದು ಸೇರಿದವರು 10, ಅವರದು 50. ಒಟ್ಟು ಸರಾಸರಿ 65. ಈ ವರ್ಷವೂ 40 ಮಕ್ಕಳೇ. ಆದರೆ ಹಳಬರು 20, ಹೊಸಬರು 20. ಹಳಬರ ಸರಾಸರಿ 72ಕ್ಕೆ ಏರಿದೆ, ಹೊಸಬರದು 53ಕ್ಕೆ. ಎರಡೂ ಗುಂಪು ಮೇಲೆ ಹೋಗಿವೆ. ಒಟ್ಟು ಸರಾಸರಿ ಮಾತ್ರ 62.5ಕ್ಕೆ ಇಳಿದಿದೆ! ಕ್ಯಾಲ್ಕುಲೇಟರ್ ಮೇಲೆ ಅನುಮಾನ ಬಂದು ಮೂರು ಸಲ ಕೂಡಿಸಿದೆ. ಕಡಿಮೆ ಅಂಕದ ಹೊಸಬರ ಪಾಲು ಕಾಲು ಭಾಗದಿಂದ ಅರ್ಧಕ್ಕೆ ಏರಿತ್ತು, ಅಷ್ಟೇ. ಸಂಖ್ಯಾಶಾಸ್ತ್ರದವರು ಇಂಥದ್ದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರಂತೆ. ನನಗೆ ಆಗ ನೆನಪಾಗಿದ್ದು ತಲೆ ತಗ್ಗಿಸಿ ಕೂತಿದ್ದ ಟೀಚರ್. ಸೋಮವಾರ ಬೆಳಿಗ್ಗೆ ಪಟ್ಟಿ ತೋರಿಸಿ ಕ್ಷಮೆ ಕೇಳಿದೆ. "ನಂಗೊತ್ತಿತ್ತು ಮೇಡಂ, ಆದ್ರೆ ಹೇಗೆ ಹೇಳ್ಬೇಕು ಅಂತ ಗೊತ್ತಿರಲಿಲ್ಲ" ಅಂದರು.

ಮುಂದಿನದು ಮನೆಮಾತಿನ ಕಾಲಂ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಗಣಿತದಲ್ಲಿ ಹಿಂದಿದ್ದರು. ಭಾಷೆಯಲ್ಲಿ ಹಿಂದಿದ್ದರೆ ಸರಿ, ಗಣಿತಕ್ಕೆ ಯಾಕೆ? ಉತ್ತರಪತ್ರಿಕೆ ತೆಗೆದು ಒಂದೊಂದೇ ಪ್ರಶ್ನೆ ನೋಡಿದೆ. ಬರೀ ಕೂಡು, ಕಳೆ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ಎಲ್ಲ ಸೋರಿಹೋಗಿದ್ದು ವಾಕ್ಯದ ಲೆಕ್ಕಗಳಲ್ಲಿ. ಒಂದು ಪ್ರಶ್ನೆ ಹೀಗಿತ್ತು: "ರವಿಯ ಬಳಿ 12 ಪೆನ್ಸಿಲ್ ಇವೆ. ಇವು ಗೀತಾಳ ಪೆನ್ಸಿಲ್‌ಗಳಿಗಿಂತ 5 ಹೆಚ್ಚು. ಗೀತಾಳ ಬಳಿ ಎಷ್ಟು ಪೆನ್ಸಿಲ್ ಇವೆ?" ಸಾಲು ಸಾಲಾಗಿ 17 ಅಂತ ಉತ್ತರ. 'ಹೆಚ್ಚು' ಅಂತ ಕಂಡ ಕೂಡಲೇ ಕೂಡಿಸಿಬಿಟ್ಟಿದ್ದಾರೆ. ಈ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು, ಪೆನ್ಸಿಲ್ ಕೈಯಲ್ಲಿ ಕೊಟ್ಟು, ಅದೇ ಲೆಕ್ಕವನ್ನು ಬಾಯಲ್ಲಿ ನಿಧಾನವಾಗಿ ಹೇಳಿದೆವು. ಬಹಳಷ್ಟು ಮಕ್ಕಳು ಸಲೀಸಾಗಿ ಏಳು ಅಂದರು. ಅಲ್ಲಿಗೆ ನಾವು ಅಳೆದಿದ್ದು ಗಣಿತವನ್ನಲ್ಲ, ಓದನ್ನು. ಇನ್ನೊಂದು ವಿಷಯ ಹೇಳಲೇಬೇಕು. ಶಾಲೆಯ ಭಾಷೆಯನ್ನೇ ಮನೆಯಲ್ಲಿ ಆಡುವ ಮಕ್ಕಳಲ್ಲೂ ಸುಮಾರು ಜನ 17 ಅಂತಲೇ ಬರೆದಿದ್ದರು. ಗುಂಪು ಮಾಡದೇ ಇದ್ದಿದ್ದರೆ ಈ ಪ್ರಶ್ನೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ಪರಿಹಾರ ಬೇಕಾಗಿದ್ದು ಆ ಗುಂಪಿಗೆ ಮಾತ್ರ ಅಲ್ಲ. ಗಣಿತದ ಪಿರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ಉತ್ತರ ಬರೆಯದೆ ಸುಮ್ನೆ ಲೆಕ್ಕ ಓದಿ, ಯಾರ ಹತ್ತಿರ ಜಾಸ್ತಿ ಇದೆ ಅಂತ ಚಿತ್ರ ಬರೆಯುವುದನ್ನು ಎಲ್ಲರಿಗೂ ಶುರು ಮಾಡಿದೆವು.

ಹಾಜರಿ ನೋಡುವಾಗ ನನ್ನ ಜಂಬ ಇಳಿಯಿತು. ದಿನದ ಹಾಜರಿ ಶೇ. 93 ಅಂತ ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆಸುತ್ತಿದ್ದೆ. ಆ ಉಳಿದ ಶೇ. 7 ಯಾರು? ದಿನಾ ಬೇರೆ ಬೇರೆ ಮಕ್ಕಳಾದರೆ ಚಿಂತೆಯಿಲ್ಲ. ಅದೇ ಮಕ್ಕಳೇ ಮತ್ತೆ ಮತ್ತೆ ಆದರೆ? ಒಂದೊಂದು ದಿನದ ಕಾಲಂ ಎಣಿಸುತ್ತಿದ್ದುದನ್ನು ಬಿಟ್ಟು ಒಂದೊಂದು ಮಗುವಿನ ಸಾಲು ಹಿಡಿದು ಎಣಿಸಿದಾಗಲೇ ಗೊತ್ತಾಗಿದ್ದು, ಅದೇ ಮಕ್ಕಳು. ಅಮೆರಿಕದ ಹಲವು ರಾಜ್ಯಗಳಲ್ಲಿ ವರ್ಷದ ಶೇ. 10ರಷ್ಟು ದಿನ ತಪ್ಪಿಸಿದ ಮಗುವನ್ನು ಬೇರೆಯಾಗಿ ಗುರುತಿಸುತ್ತಾರೆ, ರಜೆಗೆ ಕಾರಣ ಏನೇ ಇರಲಿ. ನಾನೂ ಅದೇ ಗೆರೆ ಎಳೆದೆ. 200 ದಿನದ ವರ್ಷದಲ್ಲಿ ಅದು 20 ದಿನ, ಅಂದರೆ ತಿಂಗಳಿಗೆ ಎರಡು ದಿನ. ತಿಂಗಳಿಗೆ ಎರಡು ದಿನ ಬರದ ಮಗುವನ್ನು ಯಾರೂ ವಿಚಾರಿಸಲ್ಲ, ಅಲ್ವಾ? ಮನೆಮಾತಿನ ಕಾಲಂನಲ್ಲಿ ಕಂಡ ಅಂತರದ ಒಂದು ಪಾಲು ನಿಜಕ್ಕೂ ಈ ರಜೆಗಳದ್ದಾಗಿತ್ತು. ಚೆನ್ನಾಗಿ ಬಂದವರನ್ನಷ್ಟೇ ಇಟ್ಟು ಹೋಲಿಸಿದಾಗ ಅಂತರ ಸಣ್ಣದಾಯಿತು. ಈಗ ಎರಡು ದಿನ ಬರದಿದ್ದರೆ ಮೂರನೇ ದಿನ ಮನೆಗೆ ಫೋನ್ ಹೋಗುತ್ತದೆ. ಬೈಯೋದಕ್ಕಲ್ಲ, ಏನಾಯ್ತು ಅಂತ ಕೇಳೋದಕ್ಕೆ.

ಹುಟ್ಟಿದ ತಿಂಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಒಂದನೇ ತರಗತಿಯಲ್ಲಿ ಆರು ವರ್ಷ ತುಂಬಿದ ಮಗುವಿನ ಪಕ್ಕ ಆರು ವರ್ಷ ಹನ್ನೊಂದು ತಿಂಗಳ ಮಗು ಕೂತಿರುತ್ತದೆ. ಚಿಕ್ಕದಕ್ಕಿಂತ ದೊಡ್ಡದು ಶೇ. 15ರಷ್ಟು ಹೆಚ್ಚು ಕಾಲ ಬದುಕಿದೆ. ನಮ್ಮಲ್ಲಿ 'ಮಂದ' ಅಂತ ಟೀಚರುಗಳು ಗುರುತು ಹಾಕಿದ್ದ ಮಕ್ಕಳ ಹುಟ್ಟಿದ ತಿಂಗಳು ನೋಡಿ ಆ ಗುರುತನ್ನು ರಬ್ಬರಿನಲ್ಲಿ ಅಳಿಸಿದೆವು.

ಇನ್ನು ನಾನು ಮಾಡಿದ ತಪ್ಪುಗಳು. ಮೊದಲ ವರ್ಷ ಪಾಸಿನ ಗೆರೆಗೆ ಎರಡು ಮೂರು ಅಂಕ ಕಡಿಮೆ ಇದ್ದವರನ್ನು ಹುಡುಕಿ ಅವರಿಗಷ್ಟೇ ವಿಶೇಷ ತರಗತಿ ಮಾಡಿಸಿದೆ. ಪಾಸಾದವರ ಶೇಕಡಾವಾರು ಏರಿತು, ಮೇಲಿನವರು ಬೆನ್ನು ತಟ್ಟಿದರು. ತೀರಾ ಕೆಳಗಿದ್ದ ಮಕ್ಕಳು ಇದ್ದಲ್ಲೇ ಇದ್ದರು. ಒಂದು ಅಂಕಿಯ ಮೇಲೆ ಎಲ್ಲ ತೀರ್ಮಾನ ನಿಂತರೆ ಆ ಅಂಕಿಯೇ ಕೆಡುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಬರೆದಿದ್ದರು. ನನ್ನ ಶಾಲೆಯಲ್ಲಿ ಅದನ್ನು ಕೆಡಿಸಿದವಳು ನಾನೇ.

ಎರಡನೇ ವರ್ಷ ತೀರಾ ಕಡಿಮೆ ಬಂದವರನ್ನು ಆರಿಸಿಕೊಂಡೆ. ಮುಂದಿನ ಪರೀಕ್ಷೆಯಲ್ಲಿ ಅವರು ಚೆನ್ನಾಗಿ ಏರಿದಾಗ ಎಲ್ಲ ಶ್ರೇಯ ನಮ್ಮದೇ ಅಂದುಕೊಂಡೆ. ಆಮೇಲೆ ಯೋಚಿಸಿದರೆ, ಅದರಲ್ಲಿ ಕೆಲವರು ಆ ದಿನ ಜ್ವರ, ನಿದ್ದೆಗೆಟ್ಟು ಬರೆದವರು. ಏನೂ ಮಾಡದಿದ್ದರೂ ಮುಂದಿನ ಸಲ ಅವರ ಅಂಕ ಏರುತ್ತಲೇ ಇತ್ತು. ಈಗ ಒಂದೇ ಪರೀಕ್ಷೆ ನೋಡಿ ಯಾರನ್ನೂ ಆರಿಸುವುದಿಲ್ಲ, ಕನಿಷ್ಠ ಮೂರು ಕಿರುಪರೀಕ್ಷೆ ನೋಡುತ್ತೇನೆ.

ಮೂರನೆಯದು ಸಣ್ಣ ಗುಂಪಿನ ಶೇಕಡಾ ಲೆಕ್ಕ. ಆರು ಮಕ್ಕಳ ಗುಂಪಿನಲ್ಲಿ ಒಂದು ಮಗು ಫೇಲಾದರೆ ಶೇ. 17ರಷ್ಟು ಕುಸಿತ. ಅದಕ್ಕೊಂದು ಸಭೆ ಬೇರೆ ಕರೆದಿದ್ದೆ! ಜೊತೆಗೆ ಅಷ್ಟು ಚಿಕ್ಕ ಗುಂಪಿನ ಅಂಕಿ ಗೋಡೆಗೆ ಅಂಟಿಸಿದರೆ ಆ ಮಗು ಯಾರು ಅಂತ ಇಡೀ ಶಾಲೆಗೆ ಗೊತ್ತಾಗುತ್ತದೆ. ಹತ್ತಕ್ಕಿಂತ ಕಡಿಮೆ ಇರುವ ಗುಂಪಿನ ಶೇಕಡಾ ಈಗ ಎಲ್ಲೂ ಬರೆಯುವುದಿಲ್ಲ, ಮಗುವಿನ ಬಗ್ಗೆ ನೇರವಾಗಿ ಮಾತಾಡುತ್ತೇವೆ. ಪಟ್ಟಿ ನನ್ನ ಬೀರುವಿನಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ನಡುವೆ ಬಂದು ನಡುವೆ ಹೋಗುವ ಮಕ್ಕಳು ಕೈಗೆ ಸಿಗುವುದಿಲ್ಲ. ಅವರ ಸಾಲಿನಲ್ಲಿ ಹೋದ ವರ್ಷದ ಅಂಕ ಖಾಲಿ, ಇಲ್ಲವೇ ಮುಂದಿನ ವರ್ಷದ್ದು ಖಾಲಿ. ಬಂದ ವಾರವೇ ಒಂದು ಪುಟ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ ಬರೆದಿಟ್ಟುಕೊಳ್ಳುತ್ತೇವೆ. ಹೋಗುವವರ ಟಿ.ಸಿ. ಜೊತೆ ಒಂದು ಚೀಟಿ ಕಳಿಸಲು ಶುರು ಮಾಡಿದೆ: "ಓದು ಮೂರನೇ ಹಂತ, ಗಣಿತ ಎರಡನೇ ಹಂತ." ಒಂದು ಶಾಲೆಯಿಂದ ಮಾತ್ರ ಫೋನ್ ಬಂತು. "ಮೇಡಂ, ಮೂರನೇ ಹಂತ ಅಂದ್ರೆ ಏನು?" ಅಂತ. ಆವತ್ತಿನಿಂದ ಹಂತ ಬರೆಯುವುದು ಬಿಟ್ಟೆ. ಮಗು ಕೊನೆಯದಾಗಿ ಓದಿದ ಪುಟದ ಜೆರಾಕ್ಸ್ ಮಾಡಿಸಿ, ತಡವರಿಸಿದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಟಿ.ಸಿ.ಗೆ ಪಿನ್ ಮಾಡಿ ಕಳಿಸುತ್ತೇನೆ.