ನಿಮ್ಮ ಬದುಕಿನ ಕಥೆ ಹೇಳುವ ಹಾಡುಗಳನ್ನು ಆರಿಸುವುದು ಹೇಗೆ?

ಇಷ್ಟದ ಹಾಡುಗಳ ಪಟ್ಟಿ ಎಲ್ಲರ ಫೋನಿನಲ್ಲೂ ಇರುತ್ತದೆ. ಅದನ್ನು ಕೇಳಿದವರಿಗೆ ನಿಮ್ಮ ರುಚಿ ಗೊತ್ತಾಗಬಹುದು. ಆದರೆ ನೀವು ಯಾರ ಜೊತೆ ಬೆಳೆದಿರಿ, ಯಾವಾಗ ಮನೆ ಬಿಟ್ಟಿರಿ, ಯಾವ ವರ್ಷ ನಿದ್ದೆ ಇಲ್ಲದೆ ಕಳೆದಿರಿ ಅನ್ನುವುದು ಗೊತ್ತಾಗುವುದಿಲ್ಲ. ಬದುಕಿನ ಕಥೆ ಹೇಳುವ ಪಟ್ಟಿಯೇ ಬೇರೆ. ಅದರಲ್ಲಿ ನಿಮಗೆ ಅಷ್ಟೇನೂ ಇಷ್ಟವಿಲ್ಲದ ಹಾಡಿಗೂ ಜಾಗ ಬೇಕಾಗುತ್ತದೆ. ಒಂದೆರಡು ವಾರ ಸ್ವಲ್ಪ ಸ್ವಲ್ಪ ಹೊತ್ತು ಕೂತರೆ ಸಾಕು, ಇದನ್ನು ಯಾರು ಬೇಕಾದರೂ ಮಾಡಬಹುದು.

1. ಮೊದಲು ಕಾಗದ, ಆಮೇಲೆ ಫೋನ್

ಮ್ಯೂಸಿಕ್ ಆ್ಯಪ್ ತೆರೆದುಕೊಂಡು ಶುರುಮಾಡಬೇಡಿ. ನೀವು ಜಾಸ್ತಿ ಕೇಳಿದ ಹಾಡುಗಳನ್ನು ಅದು ಮುಂದಿಡುತ್ತದೆ, ಆದರೆ ಅದಕ್ಕೆ ಗೊತ್ತಿರುವುದು ನೀವು ಅದನ್ನು ಬಳಸಲು ಶುರುಮಾಡಿದ ಮೇಲಿನ ವರ್ಷಗಳು ಮಾತ್ರ. ಒಂದು ಕಾಗದದ ಮೇಲೆ ಬದುಕಿನ ತಿರುವುಗಳನ್ನು ಬರೆಯಿರಿ. ಶಾಲೆ, ಮೊದಲ ಗೆಳೆತನ, ಮೊದಲ ಕೆಲಸ, ಮನೆ ಬದಲಾಯಿಸಿದ್ದು, ಮದುವೆ, ಮಗು, ಒಂದು ಸಾವು. ಪ್ರತಿಯೊಂದರ ಪಕ್ಕ ಎರಡು ಸಾಲು ಖಾಲಿ ಬಿಡಿ. ಆಗ ಕಿವಿಗೆ ಏನು ಬೀಳುತ್ತಿತ್ತು ಎಂದು ನೆನಪಿಸಿಕೊಳ್ಳಿ.

ಹತ್ತರಿಂದ ಮೂವತ್ತು ವಯಸ್ಸಿನ ಕಾಲದ ಸಾಲುಗಳು ಬೇಗ ತುಂಬುತ್ತವೆ. ಆ ವಯಸ್ಸಿನ ನೆನಪುಗಳು ಉಳಿದವಕ್ಕಿಂತ ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಡುಗಳ ವಿಷಯದಲ್ಲೂ ಅಷ್ಟೇ. ಹಾಗೆಂದು ಪಟ್ಟಿಯೆಲ್ಲ ಹರೆಯದಲ್ಲೇ ನಿಂತುಬಿಡಬಾರದು. ನಲವತ್ತರ ನಂತರದ ಸಾಲುಗಳು ಖಾಲಿ ಇದ್ದರೆ ಅಲ್ಲಿ ಇನ್ನಷ್ಟು ಹೊತ್ತು ಹುಡುಕಿ. ಮಕ್ಕಳು ಪದೇ ಪದೇ ಹಾಕುತ್ತಿದ್ದ ಹಾಡು ಅಲ್ಲಿ ಸಿಗಬಹುದು.

2. ಬೇರೆಯವರು ಹಾಕಿದ ಹಾಡುಗಳನ್ನು ಮರೆಯಬೇಡಿ

ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಹಂತ ಅನ್ನಿಸುತ್ತದೆ. ನಾವು ಆರಿಸಿಕೊಂಡ ಹಾಡುಗಳಿಗಿಂತ, ನಮ್ಮನ್ನು ಯಾರೂ ಕೇಳದೆ ನಮ್ಮ ಸುತ್ತ ಹಾಡಿಕೊಂಡಿದ್ದ ಹಾಡುಗಳಲ್ಲಿ ಬದುಕು ಜಾಸ್ತಿ ಇರುತ್ತದೆ. ಅಪ್ಪ ಗಡ್ಡ ಬೋಳಿಸಿಕೊಳ್ಳುವಾಗ ಗುನುಗುತ್ತಿದ್ದದ್ದು, ಪಕ್ಕದ ಮನೆಯ ರೇಡಿಯೊದಲ್ಲಿ ಬೆಳಿಗ್ಗೆ ಕೇಳುತ್ತಿದ್ದದ್ದು, ರೂಮ್‌ಮೇಟ್ ದಿನವೂ ಹಾಕಿ ತಲೆ ತಿಂದದ್ದು. ಅದು ಪೂರ್ತಿ ಹಾಡೇ ಆಗಬೇಕಿಲ್ಲ. ವಾರ್ತೆಗೆ ಮುಂಚಿನ ಸಂಗೀತ, ಶಾಲೆಯ ಪ್ರಾರ್ಥನೆ, ಜಾಹೀರಾತಿನ ಎರಡು ಸಾಲು, ಎಲ್ಲವೂ ನಡೆಯುತ್ತದೆ.

ನಿಮಗೆ ನೆನಪೇ ಇಲ್ಲದ ಕಾಲವೂ ಇದೆ, ಅಲ್ವಾ? ಅದಕ್ಕೆ ಮನೆಯವರನ್ನು ಕೇಳಿ. ನಿಮ್ಮನ್ನು ಮಲಗಿಸಲು ಏನು ಹಾಡುತ್ತಿದ್ದರು, ಅಳು ನಿಲ್ಲಿಸಲು ಯಾವ ಹಾಡು ಬೇಕಿತ್ತು? ಅವರು ಹಾಡಿ ತೋರಿಸಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಟ್ಟಿಗೆ ಸೇರಬೇಕಾದದ್ದು ಅದೇ ದನಿ.

3. ಪೂರ್ತಿ ಕೇಳಿ, ಆಮೇಲೆ ತೀರ್ಮಾನಿಸಿ

ಈಗ ಒಂದೊಂದನ್ನೇ ಹಾಕಿ, ಕಣ್ಣು ಮುಚ್ಚಿ, ಬೇರೆ ಕೆಲಸ ಮಾಡದೆ ಕೇಳಿ. ಒಂದು ಜಾಗ, ಒಂದು ಮುಖ, ಒಂದು ವಾಸನೆ ಎದ್ದು ಬಂದರೆ ಹಾಡನ್ನು ಇಟ್ಟುಕೊಳ್ಳಿ. ‘ಆಹಾ, ಒಳ್ಳೆ ಹಾಡು’ ಎಂದಷ್ಟೇ ಅನ್ನಿಸಿದರೆ ಕೈಬಿಡಿ. ವರ್ಷಗಟ್ಟಲೆ ದಿನವೂ ಕೇಳಿದ ಹಾಡುಗಳು ಇಲ್ಲಿ ಸೋಲುವುದೇ ಹೆಚ್ಚು. ಅವು ಎಲ್ಲ ಕಾಲಕ್ಕೂ ಸೇರಿಬಿಟ್ಟಿರುತ್ತವೆ. ಒಂದು ಬೇಸಿಗೆಯಲ್ಲಿ ಹುಚ್ಚು ಹಿಡಿದಂತೆ ಕೇಳಿ, ಆಮೇಲೆ ಬಿಟ್ಟೇಬಿಟ್ಟ ಹಾಡು ಆ ಬೇಸಿಗೆಯನ್ನು ಹಾಗೇ ಹಿಡಿದಿಟ್ಟಿರುತ್ತದೆ.

ಧ್ವನಿಮುದ್ರಣವೂ ಮುಖ್ಯ. ನೀವು ಆಗ ಕೇಳಿದ್ದನ್ನೇ ಹುಡುಕಿ. ಅದೇ ಹಾಡನ್ನು ಬೇರೆಯವರು ಹಾಡಿದ್ದು, ವೇದಿಕೆಯಲ್ಲಿ ಹಾಡಿದ್ದು, ಹೊಸದಾಗಿ ವಾದ್ಯ ಸೇರಿಸಿದ್ದು ಎಷ್ಟೇ ಚೆನ್ನಾಗಿದ್ದರೂ ನೆನಪು ಒಂದು ಹೆಜ್ಜೆ ದೂರ ನಿಲ್ಲುತ್ತದೆ.

ಕೆಲವು ಹಾಡು ಕೇಳಲು ಕಷ್ಟ. ಅಗಲಿದವರದ್ದು, ಮುರಿದ ಸಂಬಂಧದ್ದು. ಇಂಥವನ್ನು ರಾತ್ರಿ ಒಬ್ಬರೇ ಕೂತು ಕೇಳಬೇಡಿ. ತಡೆಯಲಾಗದಿದ್ದರೆ ಹೆಸರು ಮಾತ್ರ ಬರೆದಿಟ್ಟು ಮುಂದೆ ಹೋಗಿ. ಆದರೆ ನೋವಿನ ಹಾಡುಗಳನ್ನು ಪೂರ್ತಿ ತೆಗೆದುಹಾಕಬೇಡಿ. ಕಥೆ ಅರ್ಧವಾಗುತ್ತದೆ.

4. ಮಿತಿ ಹಾಕಿಕೊಳ್ಳಿ

ಬಿಬಿಸಿ ರೇಡಿಯೊದಲ್ಲಿ 1942ರಲ್ಲಿ ಶುರುವಾದ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಎಂಬ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ನಿರ್ಜನ ದ್ವೀಪಕ್ಕೆ ಒಯ್ಯಲು ಅತಿಥಿ 8 ಧ್ವನಿಮುದ್ರಣಗಳನ್ನು ಆರಿಸಿ, ಅವುಗಳ ನೆಪದಲ್ಲಿ ತನ್ನ ಬದುಕಿನ ಬಗ್ಗೆ ಮಾತಾಡಬೇಕು. ಎಂಟೇ ಇರುವುದರಿಂದ ಪ್ರತಿಯೊಂದಕ್ಕೂ ಕಾರಣ ಬೇಕಾಗುತ್ತದೆ. ಎಂಟು ತೀರಾ ಕಡಿಮೆ ಅನ್ನಿಸಿದರೆ ಹಳೆಯ ಕ್ಯಾಸೆಟ್ಟಿನ ಲೆಕ್ಕ ಹಿಡಿಯಿರಿ: ಒಂದು ಬದಿಗೆ 30 ನಿಮಿಷ, ಒಟ್ಟು 60. ಒಂದೇ ಕಾಲದ ಎರಡು ಹಾಡು ಪೈಪೋಟಿ ಮಾಡಿದರೆ, ಇನ್ನೊಬ್ಬ ವ್ಯಕ್ತಿಯ ನೆನಪು ಇರುವ ಹಾಡನ್ನು ಉಳಿಸಿಕೊಳ್ಳಿ.

5. ಜೋಡಿಸಿ, ಬರೆದಿಡಿ

ವರ್ಷದ ಕ್ರಮ ಸುಲಭ, ಮೊದಲ ಸಲಕ್ಕೆ ಅದೇ ಸಾಕು. ಪ್ರತಿ ಹಾಡಿನ ಕೆಳಗೆ ಮೂರ್ನಾಲ್ಕು ಸಾಲು ಬರೆಯಿರಿ: ಎಲ್ಲಿ ಕೇಳಿದಿರಿ, ಯಾರು ಇದ್ದರು, ಆಮೇಲೆ ಏನಾಯಿತು. ಹಾಡನ್ನು ಹೊಗಳುತ್ತಾ ಕೂರಬೇಡಿ. ಹೆಸರು, ಹಾಡಿದವರು, ವರ್ಷ, ಆಲ್ಬಂ ಅಥವಾ ಸಿನಿಮಾ ಯಾವುದು ಎಂದು ಕಾಗದದಲ್ಲೂ ಇರಲಿ. ಹಕ್ಕಿನ ಒಪ್ಪಂದ ಮುಗಿದರೆ ಆ್ಯಪ್‌ಗಳಿಂದ ಹಾಡುಗಳು ಸದ್ದಿಲ್ಲದೆ ಮಾಯವಾಗುತ್ತವೆ.

ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಡಿ. ಮರೆವಿನ ಕಾಯಿಲೆ ಬಂದವರಲ್ಲೂ ಪರಿಚಿತ ಹಾಡಿನ ನೆನಪು ಎಷ್ಟೋ ಸಲ ಉಳಿದಿರುತ್ತದೆ. ಅವರನ್ನು ನೋಡಿಕೊಳ್ಳುವವರು ಸಮಾಧಾನಕ್ಕೆ ಅಂಥ ಹಾಡುಗಳನ್ನು ಹಾಕುತ್ತಾರೆ. ಆದರೆ ಯಾವ ಹಾಡು ಎಂದು ಯಾರಿಗಾದರೂ ಗೊತ್ತಿರಬೇಕಲ್ಲ. ಮನೆಯಲ್ಲಿ ಹಿರಿಯರಿದ್ದರೆ ನಿಮ್ಮ ಪಟ್ಟಿಗಿಂತ ಮೊದಲು ಅವರದ್ದನ್ನು ಮಾಡಿ, ಈ ಭಾನುವಾರವೇ.